‘ಸೆಲ್ಫ್’ ಹೊಡೆಯುವ ಮುನ್ನ ಕ್ಲಚ್: ಮರೆತುಹೋದ ಒಂದು ಕಾವಲಿನ ಚರಿತ್ರೆ

ಕರಾವಳಿಯ ಗ್ಯಾರೇಜುಗಳಲ್ಲಿ ‘ಸೆಲ್ಫ್’ ಎಂಬುದು ನಮ್ಮದೇ ಪದವೆಂಬಷ್ಟು ಬಳಕೆಯಲ್ಲಿದೆ. ‘ಗಾಡಿ ಸೆಲ್ಫ್ ತೆಗೆದುಕೊಳ್ಳುತ್ತಿಲ್ಲ’, ‘ಒಮ್ಮೆ ಸೆಲ್ಫ್ ಹೊಡೆದು ನೋಡಿ’ ಎಂಬ ಮಾತು ಕನ್ನಡದಲ್ಲೂ ತುಳುವಿನಲ್ಲೂ ಸಲೀಸಾಗಿ ಬರುತ್ತದೆ. ‘ಸೆಲ್ಫ್ ಸ್ಟಾರ್ಟರ್’ ಎಂಬ ಜೋಡಿಪದದ ಉತ್ತರಾರ್ಧ ಕಳಚಿಬಿದ್ದು ಪೂರ್ವಾರ್ಧ ಮಾತ್ರ ಉಳಿದುಕೊಂಡಿದೆ. ಎಂಜಿನ್ನನ್ನು ಇನ್ನೊಬ್ಬರು ಕೈಯಿಂದ ತಿರುಗಿಸಬೇಕಾಗಿಲ್ಲ, ಅದು ‘ತಾನಾಗಿಯೇ’ ಹೊರಡುತ್ತದೆ ಎಂಬುದು ಒಂದು ಕಾಲದಲ್ಲಿ ಎಷ್ಟು ದೊಡ್ಡ ಸಂಗತಿಯಾಗಿತ್ತು ಎಂಬುದಕ್ಕೆ ಈ ಪದವೇ ಸಾಕ್ಷಿ.

ಆದರೆ ತಾನಾಗಿ ಹೊರಡುವ ಯಂತ್ರ ಯಾವಾಗ ಹೊರಡಬಾರದು ಎಂಬುದನ್ನೂ ಯಾರಾದರೂ ಅದಕ್ಕೆ ಕಲಿಸಬೇಕಲ್ಲ? ಗಿಯರಿನಲ್ಲಿ ನಿಂತಿರುವ ಕಾರಿಗೆ ಸೆಲ್ಫ್ ಹೊಡೆದರೆ ಎಂಜಿನ್ನಿನೊಂದಿಗೆ ಕಾರೂ ಹೊರಡುತ್ತದೆ. ಇದನ್ನು ತಡೆಯುವ ಪುಟ್ಟ ಸ್ವಿಚ್ಚು ಇಂದಿನ ಅನೇಕ ಹೊಸ ಕಾರುಗಳಲ್ಲಿದೆ. ಕ್ಲಚ್ ಒತ್ತದ ಹೊರತು ಅವು ಸ್ಟಾರ್ಟ್ ಆಗುವುದಿಲ್ಲ. ನಮ್ಮ ಹಳೆಯ ಅಂಬಾಸಿಡರ್, ಪದ್ಮಿನಿ, ಜೀಪುಗಳಲ್ಲಿ ಅದು ಇರಲಿಲ್ಲ. ಆಶ್ಚರ್ಯದ ವಿಷಯವೆಂದರೆ, ಈ ಕಾವಲು ಹೊಸ ಕಾಲದ ಆವಿಷ್ಕಾರವಲ್ಲ. ಜಗತ್ತಿನ ಮೊದಲ ಯಶಸ್ವಿ ಸೆಲ್ಫ್ ಸ್ಟಾರ್ಟರಿನಲ್ಲೇ ಅದು ಅಡಕವಾಗಿತ್ತು. ನಡುವೆ ಕಳೆದುಹೋಗಿ ಮತ್ತೆ ಬಂದ ಬಗೆ ತಿಳಿಯಬೇಕಾದದ್ದು.

ಹ್ಯಾಂಡಲಿನ ಕಾಲ

ಪೆಟ್ರೋಲ್ ಎಂಜಿನ್ ನಿಂತಲ್ಲಿಂದ ಸ್ವಂತ ಬಲದಿಂದ ಏಳಲಾರದು. ಮೊದಲು ಯಾರಾದರೂ ಅದನ್ನು ತಿರುಗಿಸಿ, ಇಂಧನ ಮತ್ತು ಗಾಳಿಯ ಮಿಶ್ರಣವನ್ನು ಸಿಲಿಂಡರಿನೊಳಗೆ ಎಳೆದು, ಅದನ್ನು ಒತ್ತಿ, ಕಿಡಿ ತಾಗಿಸಬೇಕು. ಆರಂಭದ ಕಾರುಗಳಲ್ಲಿ ಈ ಕೆಲಸ ಮುಂಭಾಗದಲ್ಲಿ ತೂರಿಸುವ ಕಬ್ಬಿಣದ ಹ್ಯಾಂಡಲಿನದು. ಕಿಡಿ ಸ್ವಲ್ಪ ಬೇಗ ಹಾರಿದರೆ ಪಿಸ್ಟನ್ ಮೇಲೇರಿ ಮುಗಿಯುವ ಮೊದಲೇ ಸ್ಫೋಟವಾಗಿ ಎಂಜಿನ್ ಹಿಂದಕ್ಕೆ ತಿರುಗುತ್ತದೆ. ಹಿಡಿದವರ ಕೈಯನ್ನೂ ಹ್ಯಾಂಡಲ್ ಅದೇ ರಭಸದಲ್ಲಿ ಹಿಂದಕ್ಕೆ ಎಸೆಯುತ್ತದೆ. ಮಣಿಕಟ್ಟಿನ ಹತ್ತಿರ, ಹೆಬ್ಬೆರಳಿನ ಕಡೆಯ ಎಲುಬು ಮುರಿಯುವುದಕ್ಕೆ ಮೂಳೆ ವೈದ್ಯರು ಇಂದಿಗೂ ‘ಶೋಫರ್ ಮುರಿತ’ ಎನ್ನುತ್ತಾರೆ. ಶೋಫರ್ ಎಂದರೆ ಫ್ರೆಂಚಿನಲ್ಲಿ ಕಾರು ಚಾಲಕ. ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತಬಾರದು, ಬೆರಳುಗಳ ಜೊತೆಗೇ ಒಂದು ಕಡೆ ಇಡಬೇಕು ಎಂದು ಹಳೆಯ ಡ್ರೈವರುಗಳು ಹೇಳಿಕೊಡುತ್ತಿದ್ದುದು ಇದಕ್ಕಾಗಿಯೇ.

ಹ್ಯಾಂಡಲಿಗೆ ಇನ್ನೊಂದು ಅಪಾಯವೂ ಇತ್ತು. ಗಾಡಿ ಗಿಯರಿನಲ್ಲಿದ್ದಾಗ ಎಂಜಿನ್ ಹಿಡಿದುಕೊಂಡರೆ ಅದು ನೇರವಾಗಿ ಹ್ಯಾಂಡಲ್ ಹಿಡಿದವನ ಮೇಲೆಯೇ ಬರುತ್ತಿತ್ತು. ಒಂದು ರೀತಿಯಲ್ಲಿ ಈ ಭಯವೇ ಕಾವಲಾಗಿತ್ತು. ಕಾರಿನ ಎದುರಿಗೆ ನಿಲ್ಲಬೇಕಾದವನು ಗಿಯರ್ ನ್ಯೂಟ್ರಲಿನಲ್ಲಿದೆಯೇ ಎಂದು ಎರಡು ಸಲ ನೋಡುತ್ತಿದ್ದ.

ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ, 1914ರಲ್ಲಿ, ಮಂಗಳೂರಿನ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ, ಅಂದರೆ ಜನರ ಬಾಯಲ್ಲಿ ‘ಸಿಪಿಸಿ’, ಬಸ್ಸು ಓಡಿಸತೊಡಗಿತು. ಆ ತಲೆಮಾರಿನ ಗಾಡಿಗಳಿಗೆ ಹ್ಯಾಂಡಲ್ ಹೊಡೆಯುವುದು ಸಾಮಾನ್ಯವಾಗಿ ಕ್ಲೀನರನ ಪಾಲಿನ ಕೆಲಸ. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಪ್ರಾಂತ್ಯದ ಬಸ್ಸುಗಳು ಇದ್ದಲ ಅನಿಲದಿಂದ ಓಡಿದವು. ಒಲೆ ಹೊತ್ತಿಸಿ, ಗಾಳಿ ಊದಿ, ಅನಿಲ ಹದಕ್ಕೆ ಬಂದ ಮೇಲಷ್ಟೇ ಎಂಜಿನ್ ತಿರುಗಿಸಬೇಕಾಗಿದ್ದುದರಿಂದ ಬೆಳಗಿನ ಮೊದಲ ಟ್ರಿಪ್ಪಿಗೆ ಸಾಕಷ್ಟು ಹೊತ್ತು ಮುಂಚೆಯೇ ದುಡಿಮೆ ಶುರುವಾಗುತ್ತಿತ್ತು.

1912ರ ಕ್ಯಾಡಿಲಾಕ್

ವಿದ್ಯುತ್ತಿನಿಂದ ಎಂಜಿನ್ ತಿರುಗಿಸುವ ಯೋಚನೆ ಹೊಸದಲ್ಲ. 1896ರಲ್ಲೇ ಇಂಗ್ಲೆಂಡಿನ ಡೌಸಿಂಗ್ ಎಂಬ ಎಂಜಿನಿಯರ್ ಆರ್ನಲ್ಡ್ ಕಾರೊಂದಕ್ಕೆ ಇಂಥ ಸಾಧನ ಜೋಡಿಸಿದ್ದ. 1903ರಲ್ಲಿ ಅಮೆರಿಕದ ಕ್ಲೈಡ್ ಕೋಲ್ಮನ್‌ನಿಗೆ ಪೇಟೆಂಟೂ ಸಿಕ್ಕಿತು. ತೊಡಕಿದ್ದದ್ದು ಗಾತ್ರದಲ್ಲಿ. ಎಂಜಿನ್ನನ್ನು ತಿರುಗಿಸಬಲ್ಲ ಮೋಟಾರು, ಅದಕ್ಕೆ ತಕ್ಕ ಬ್ಯಾಟರಿ ಎರಡೂ ಸೇರಿದರೆ ಕಾರಿನಲ್ಲಿ ಬೇರೆ ಯಾವುದಕ್ಕೂ ಜಾಗವಿರದು ಎಂದೇ ಹೆಚ್ಚಿನವರ ಲೆಕ್ಕಾಚಾರವಾಗಿತ್ತು.

ಈ ಗಂಟನ್ನು ಬಿಚ್ಚಿದವನು ಚಾರ್ಲ್ಸ್ ಕೆಟರಿಂಗ್. ಒಹಾಯೋದ ಡೇಟನ್ನಿನಲ್ಲಿ ಅಂಗಡಿಯ ಗಲ್ಲಾಪೆಟ್ಟಿಗೆ ಯಂತ್ರಗಳಿಗೆ ವಿದ್ಯುತ್ ಮೋಟಾರು ಅಳವಡಿಸಿದ ಅನುಭವ ಅವನಿಗಿತ್ತು. ಗಲ್ಲಾಪೆಟ್ಟಿಗೆಯ ಮೋಟಾರು ದಿನವಿಡೀ ತಿರುಗಬೇಕಿಲ್ಲ. ಕ್ಷಣಮಾತ್ರ ತಿರುಗಿ ನಿಂತರೆ ಸಾಕು. ಹಾಗೆ ಕ್ಷಣಕಾಲ ದುಡಿಯುವ ಮೋಟಾರಿನ ಮೇಲೆ ಅದರ ಗಾತ್ರಕ್ಕೆ ಮೀರಿದ ಭಾರ ಹೊರಿಸಬಹುದು, ಬಿಸಿಯೇರಿ ಸುಡುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಕಾರಿಗೂ ಇದೇ ಸೂತ್ರ ಅನ್ವಯಿಸಿತು. ಕೆಟರಿಂಗ್ ಮತ್ತು ಎಡ್ವರ್ಡ್ ಡೀಡ್ಸ್ ಕಟ್ಟಿದ ಡೆಲ್ಕೋ ಸಂಸ್ಥೆಯ ಸ್ಟಾರ್ಟರನ್ನು ಕ್ಯಾಡಿಲಾಕ್ ಕಂಪೆನಿಯ ಹೆನ್ರಿ ಲೇಲೆಂಡ್ ಒಪ್ಪಿಕೊಂಡು 1912ರ ಮಾದರಿಗಳಿಗೆ ಅಳವಡಿಸಿದ. ಲೇಲೆಂಡನ ಗೆಳೆಯ ಬೈರನ್ ಕಾರ್ಟರ್ ಹ್ಯಾಂಡಲ್ ಏಟು ತಿಂದು 1908ರಲ್ಲಿ ತೀರಿಕೊಂಡದ್ದೇ ಇದಕ್ಕೆ ಪ್ರೇರಣೆ ಎಂಬ ಕಥೆ ಹಲವು ಪುಸ್ತಕಗಳಲ್ಲಿದೆ. ಅದರ ವಿವರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲವಾದ್ದರಿಂದ ಕಥೆಯೆಂದೇ ಓದಿಕೊಳ್ಳುವುದು ಒಳಿತು. ಕೆಟರಿಂಗನ ಪೇಟೆಂಟು ಮಂಜೂರಾದದ್ದು 1915ರಲ್ಲಿ.

ನಮ್ಮ ವಿಷಯಕ್ಕೆ ಮುಖ್ಯವಾದ ಸಂಗತಿ ಇಲ್ಲಿದೆ. 1912ರ ಕ್ಯಾಡಿಲಾಕಿನಲ್ಲಿ ಚಾಲಕ ತನ್ನ ಆಸನದಲ್ಲಿ ಕುಳಿತು, ಕಿಡಿಯ ಸನ್ನೆಯನ್ನು ಹಿಂದಕ್ಕೆ ಸರಿಸಿ, ಕ್ಲಚ್ ಪೆಡಲನ್ನು ಮುಂದಕ್ಕೆ ಒತ್ತಬೇಕಾಗಿತ್ತು. ಆಗ ಮೋಟಾರಿನ ಗಿಯರು ಫ್ಲೈವೀಲಿನ ಹಲ್ಲುಗಳಿಗೆ ಕೂಡಿಕೊಂಡು ಎಂಜಿನ್ ತಿರುಗುತ್ತಿತ್ತು. ಕ್ಲಚ್ ಒತ್ತಿದಾಗ ಎಂಜಿನ್ನಿಗೂ ಗಾಲಿಗಳಿಗೂ ಇರುವ ನಂಟು ಕಡಿಯುತ್ತದೆ. ಹಾಗಾಗಿ ಗಿಯರ್ ಬಿದ್ದಿದ್ದರೂ ಕಾರು ಜಿಗಿಯದು. ಕಾವಲಿಗೆಂದು ಬೇರೆ ಸ್ವಿಚ್ಚು ಬೇಕಾಗಲಿಲ್ಲ. ಸ್ಟಾರ್ಟ್ ಮಾಡುವ ಕ್ರಮದಲ್ಲೇ ಅದು ಸೇರಿತ್ತು.

ಕಾವಲು ತಪ್ಪಿದ ಬಗೆ

1914ರ ಹೊತ್ತಿಗೆ ವಿನ್ಸೆಂಟ್ ಬೆಂಡಿಕ್ಸನ ಸರಳ ಸಾಧನ ಬಂದಿತು. ಮೋಟಾರು ತಿರುಗತೊಡಗಿದೊಡನೆ ಅದರ ಪಿನಿಯನ್ ತಾನಾಗಿ ಮರೆಯ ಮೇಲೆ ಜಾರಿ ಫ್ಲೈವೀಲಿಗೆ ಕೂಡುತ್ತಿತ್ತು. ಎಂಜಿನ್ ಹೊರಟ ಮೇಲೆ ತಾನಾಗಿ ಹಿಂದೆ ಸರಿಯುತ್ತಿತ್ತು. ಪೆಡಲಿನಿಂದ ಗಿಯರ್ ಕೂಡಿಸುವ ಅಗತ್ಯ ತಪ್ಪಿತು. ಕಾರು ಅಗ್ಗವಾಯಿತು, ಸ್ಟಾರ್ಟರು ಎಲ್ಲೆಡೆ ಹರಡಿತು. ಆದರೆ ಕ್ಲಚ್ಚಿನೊಡನೆ ಇದ್ದ ನಂಟು ಕಡಿದುಹೋಯಿತು. ಈಗ ನೆಲದ ಮೇಲಿನ ಗುಂಡಿಯನ್ನು ಕಾಲಿನಿಂದ ಒತ್ತಿದರಾಯಿತು.

ಎಲ್ಲರೂ ಇದನ್ನು ಮರೆಯಲಿಲ್ಲ. ಅಮೆರಿಕದ ಸ್ಟುಡಿಬೇಕರ್ ಕಾರುಗಳಲ್ಲಿ ಬಹುಕಾಲ ಸ್ಟಾರ್ಟರಿನ ಸ್ವಿಚ್ಚು ಕ್ಲಚ್ ಪೆಡಲಿನ ಅಡಿಯಲ್ಲೇ ಇತ್ತು. ಪೆಡಲನ್ನು ಪೂರ್ತಿ ತುಳಿದರೆ ಎಂಜಿನ್ ತಿರುಗುತ್ತಿತ್ತು. ಯುದ್ಧಕಾಲದ ವಿಲ್ಲಿಸ್ ಜೀಪಿನಲ್ಲಿ ಸ್ಟಾರ್ಟರ್ ಗುಂಡಿ ನೆಲದ ಮೇಲಿತ್ತು. ಮಹೀಂದ್ರದವರು 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಜೋಡಿಸತೊಡಗಿದ್ದು ಇದೇ ವಂಶದ ಜೀಪುಗಳನ್ನು. ಕಾಲಿನಿಂದ ಒತ್ತುವ ಗುಂಡಿಯ ಗುಣವೆಂದರೆ, ಒತ್ತುವವನು ಆಸನದಲ್ಲಿ ಕುಳಿತೇ ಇರುತ್ತಾನೆ. ಅವನ ಎಡಗಾಲು ಕ್ಲಚ್ಚಿನ ಬಳಿಯೇ ಇರುತ್ತದೆ.

1949ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪೆನಿ ಕೀಲಿಕೈ ತಿರುಗಿಸಿಯೇ ಸ್ಟಾರ್ಟ್ ಮಾಡುವ ಪದ್ಧತಿ ತಂದಿತು. ಅನುಕೂಲವೇನೋ ಹೆಚ್ಚಿತು. ಆದರೆ ಹ್ಯಾಂಡಲಿನ ಕಾಲದ ಭಯವೂ ಹೋಯಿತು, ಕಾಲುಗುಂಡಿಯ ಕಾಲದ ಶಿಸ್ತೂ ಹೋಯಿತು. ಹೊರಗೆ ನಿಂತು, ಕಿಟಕಿಯೊಳಗೆ ಕೈ ಹಾಕಿ, ಕೀಲಿ ತಿರುಗಿಸಿದರೂ ಎಂಜಿನ್ ಹೊರಡುತ್ತದೆ. ಕಾವಲಿಲ್ಲದ ಸೆಲ್ಫಿನ ನಿಜವಾದ ಅಪಾಯ ಆರಂಭವಾದದ್ದು ಇಲ್ಲಿಂದ.

ಸ್ವಯಂಚಾಲಿತ ಗಿಯರಿನ ಕಾರುಗಳ ವಿಷಯದಲ್ಲಿ ಅಮೆರಿಕ ಬೇಗ ಎಚ್ಚೆತ್ತಿತು. 1968ರ ಜನವರಿ 1ರಿಂದ ಜಾರಿಗೆ ಬಂದ ಅಲ್ಲಿನ 102ನೇ ವಾಹನ ಸುರಕ್ಷಾ ಮಾನದಂಡದ ಪ್ರಕಾರ, ಗಿಯರ್ ಸನ್ನೆ ಮುಂದಿನ ಅಥವಾ ಹಿಂದಿನ ಚಲನೆಯ ಸ್ಥಾನದಲ್ಲಿದ್ದರೆ ಸ್ಟಾರ್ಟರು ಕೆಲಸ ಮಾಡಬಾರದು. ಕೈಯಿಂದ ಗಿಯರ್ ಹಾಕುವ ಕಾರುಗಳಿಗೆ ಇಂಥ ಕಡ್ಡಾಯ ಇರಲಿಲ್ಲ. ಅವುಗಳಿಗೆ ಕ್ಲಚ್ ಸ್ವಿಚ್ಚನ್ನು ತಯಾರಕರೇ, ಹೆಚ್ಚಾಗಿ 1980ರ ದಶಕದಿಂದೀಚೆಗೆ, ಸೇರಿಸುತ್ತ ಬಂದರು. ನಮ್ಮಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ಉತ್ತರಪಾಡಾದಲ್ಲಿ ತಯಾರಾದ ಅಂಬಾಸಿಡರ್, ಮುಂಬಯಿಯ ಕುರ್ಲಾದಲ್ಲಿ ತಯಾರಾದ ಫಿಯೆಟ್ ಮೂಲದ ಪದ್ಮಿನಿ, ಎರಡೂ ಅದಕ್ಕೂ ಹಿಂದಿನ ವಿನ್ಯಾಸಗಳು. ಮೇಲಾಗಿ ಇವುಗಳಲ್ಲಿ ಬಹುಕಾಲ ಗಿಯರ್ ಸನ್ನೆ ಸ್ಟೀರಿಂಗಿನ ಕಂಬದ ಮೇಲಿತ್ತು. ನೆಲದ ಗಿಯರಿನಂತೆ ನ್ಯೂಟ್ರಲ್ ಎಲ್ಲಿದೆ ಎಂದು ಹೊರಗಿನಿಂದ ಒಂದೇ ನೋಟಕ್ಕೆ ತಿಳಿಯುವುದಿಲ್ಲ.

ಅಂಗಳದ ಲೆಕ್ಕ

ಕಾರ್ಕಳ ಮತ್ತು ಹೆಬ್ರಿಯ ನಡುವೆ, ಘಟ್ಟದ ಬುಡದಲ್ಲಿರುವ ಅಜೆಕಾರಿನಂಥ ಊರನ್ನು ಕಣ್ಣ ಮುಂದೆ ತಂದುಕೊಳ್ಳಿ. ರಸ್ತೆಯಿಂದ ಮನೆಗೆ ಇಳಿಜಾರು ದಾರಿ. ಬಸ್ಸು ಬಾರದ ಒಳದಾರಿಗಳಲ್ಲಿ ಸರ್ವಿಸ್ ಜೀಪು, ಸರ್ವಿಸ್ ಕಾರುಗಳೇ ಆಧಾರವಾಗಿದ್ದ ಸೀಮೆ ಇದು. ಆ ಗಾಡಿಗಳಲ್ಲಿ ಕೆಲವು ಇನ್ನೂ ಮನೆಯ ಮಾಡಿನಡಿ ಉಳಿದಿವೆ. ಮಳೆಗಾಲದ ತೇವಕ್ಕೆ ಹ್ಯಾಂಡ್ ಬ್ರೇಕಿನ ಕೇಬಲ್ ಹಿಡಿದುಕೊಳ್ಳುತ್ತದೆ ಇಲ್ಲವೇ ಸಡಿಲಾಗುತ್ತದೆ. ಅದನ್ನು ನಂಬದೆ ಗಾಡಿಯನ್ನು ಗಿಯರಿನಲ್ಲೇ ನಿಲ್ಲಿಸಿ, ಗಾಲಿಗೊಂದು ಕಲ್ಲು ಕೊಡುವುದು ನಮ್ಮಲ್ಲಿ ರೂಢಿ. ಬ್ಯಾಟರಿ ಸಾಯದಿರಲೆಂದು ವಾರಕ್ಕೊಮ್ಮೆ ಯಾರಾದರೂ ಸ್ಟಾರ್ಟ್ ಮಾಡುತ್ತಾರೆ. ನಿಲ್ಲಿಸಿದವರು ಒಬ್ಬರು, ಸ್ಟಾರ್ಟ್ ಮಾಡುವವರು ಇನ್ನೊಬ್ಬರು. ಎದುರಿಗೆ ಅಡಿಕೆ ಹರಡಿದ ಅಂಗಳ, ಅಲ್ಲಿ ಆಡುವ ಮಕ್ಕಳು.

ಈಗ ಲೆಕ್ಕ ಮಾಡೋಣ. ಮೊದಲ ಗಿಯರಿನಲ್ಲಿ ಎಂಜಿನ್ 17 ಸುತ್ತು ಸುತ್ತಿದಾಗ ಗಾಲಿ ಒಂದು ಸುತ್ತು ಸುತ್ತುತ್ತದೆ ಎಂದಿಟ್ಟುಕೊಳ್ಳೋಣ. ಗಾಲಿಯ ಸುತ್ತಳತೆ ಸುಮಾರು 2 ಮೀಟರ್. ಸ್ಟಾರ್ಟರು ಎಂಜಿನ್ನನ್ನು ನಿಮಿಷಕ್ಕೆ 170 ಸುತ್ತು ತಿರುಗಿಸಿದರೆ ಗಾಲಿ 10 ಸುತ್ತು ತಿರುಗುತ್ತದೆ. ಕಾರು ನಿಮಿಷಕ್ಕೆ 20 ಮೀಟರ್, ಅಂದರೆ ಸೆಕೆಂಡಿಗೆ ಸುಮಾರು 33 ಸೆಂಟಿಮೀಟರ್ ಚಲಿಸುತ್ತದೆ. ಕೇವಲ ಒಂದು ಅಶ್ವಶಕ್ತಿಯ ಆಸುಪಾಸಿನ ಮೋಟಾರು ಟನ್ನಿನ ಕಾರನ್ನು ಹೇಗೆ ತಳ್ಳುತ್ತದೆ? ಅದರ ಪಿನಿಯನ್ ಹತ್ತು ಸುತ್ತಿಗೂ ಮಿಕ್ಕಿ ತಿರುಗಿದಾಗ ಫ್ಲೈವೀಲ್ ಒಂದು ಸುತ್ತು ತಿರುಗುತ್ತದೆ. ಹತ್ತನ್ನು ಹದಿನೇಳರಿಂದ ಗುಣಿಸಿದರೆ 170. ಘರ್ಷಣೆಯ ನಷ್ಟ ಬಿಟ್ಟರೆ, ಮೋಟಾರಿನ ತಿರುಚುಬಲ ಗಾಲಿ ತಲುಪುವಷ್ಟರಲ್ಲಿ ಅಷ್ಟು ಪಟ್ಟು ಹೆಚ್ಚಿರುತ್ತದೆ.

ಕೀಲಿ ಬಿಟ್ಟರೆ ಕಾರು ನಿಲ್ಲಬಹುದು. ಆದರೆ ಎಂಜಿನ್ ಹಿಡಿದುಕೊಂಡರೆ? ನಿಮಿಷಕ್ಕೆ 850 ಸುತ್ತಿನಲ್ಲಿ ಗಾಲಿ 50 ಸುತ್ತು ತಿರುಗಿ, ಕಾರು ನಿಮಿಷಕ್ಕೆ 100 ಮೀಟರ್, ಅಂದರೆ ಗಂಟೆಗೆ 6 ಕಿಲೋಮೀಟರ್ ವೇಗ ಪಡೆಯುತ್ತದೆ. ನಡಿಗೆಗಿಂತ ತುಸು ಹೆಚ್ಚು, ಅಷ್ಟೇ. ಆದರೆ 1100 ಕಿಲೋಗ್ರಾಂ ಕಾರಿಗೆ ಆ ವೇಗದಲ್ಲಿ ಸುಮಾರು 1500 ಜೌಲ್ ಚಲನಶಕ್ತಿ ಇರುತ್ತದೆ. 50 ಕಿಲೋ ಅಕ್ಕಿಯ ಚೀಲವೊಂದು 3 ಮೀಟರ್ ಎತ್ತರದಿಂದ ಬಿದ್ದಂತೆ. ಚೀಲವಾದರೂ ಬಿದ್ದಲ್ಲಿ ನಿಲ್ಲುತ್ತದೆ. ಎಂಜಿನ್ ಹಿಡಿದ ಕಾರು ತಳ್ಳುತ್ತಲೇ ಇರುತ್ತದೆ. ಚೋಕ್ ಎಳೆದಿದ್ದರೆ ವೇಗ ಇನ್ನೂ ಹೆಚ್ಚು. ಹೊರಗೆ ನಿಂತವನಿಗೆ ಬ್ರೇಕ್ ಪೆಡಲು ಎಟುಕುವುದಿಲ್ಲ.

ಹಳೆಯ ಕಾರಿಗೆ ಕಾವಲು

ಪರಿಹಾರದ ತತ್ತ್ವ ಸರಳ. ‘ಕೀಲಿ ತಿರುಗಿದೆ’ ಮತ್ತು ‘ಕ್ಲಚ್ ಒತ್ತಿದೆ’ ಎಂಬ ಎರಡೂ ನಿಜವಾದಾಗ ಮಾತ್ರ ಸ್ಟಾರ್ಟರಿಗೆ ವಿದ್ಯುತ್ ಹರಿಯಬೇಕು. ಎರಡು ಸ್ವಿಚ್ಚುಗಳನ್ನು ಸರಣಿಯಲ್ಲಿ ಜೋಡಿಸಿದರೆ ಇದು ಸಾಧ್ಯ. ಆದರೆ ಎಲ್ಲಿ ಜೋಡಿಸಬೇಕು ಎಂಬುದರಲ್ಲಿ ಜಾಣತನ ಬೇಕು.

ಸ್ಟಾರ್ಟರ್ ಮೋಟಾರು ಎಳೆಯುವ ಪ್ರವಾಹ 100 ಆಂಪೇರಿಗೂ ಮಿಕ್ಕಿ. ಆ ದಪ್ಪ ಕೇಬಲಿನಲ್ಲಿ ಸಣ್ಣ ಸ್ವಿಚ್ಚು ಹಾಕಿದರೆ ಅದು ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಕೀಲಿಯಿಂದ ಸೊಲೆನಾಯ್ಡಿಗೆ ಹೋಗುವ ತೆಳು ವಯರಿನಲ್ಲೂ ಕೆಲವು ಮಾದರಿಗಳಲ್ಲಿ ಗಣನೀಯ ಪ್ರವಾಹವಿರುತ್ತದೆ. ಆದ್ದರಿಂದ ನಡುವೆ ಒಂದು ರಿಲೇ ಇಡುವುದು ಕ್ಷೇಮ. ಕೀಲಿ ಮತ್ತು ಕ್ಲಚ್ ಸ್ವಿಚ್ಚು ರಿಲೇಯ ಸುರುಳಿಯನ್ನಷ್ಟೇ ಎಬ್ಬಿಸುತ್ತವೆ; ಅದಕ್ಕೆ ಅರ್ಧ ಆಂಪೇರೂ ಬೇಡ. ರಿಲೇಯ ಸಂಪರ್ಕಗಳು ಫ್ಯೂಸಿನ ಮೂಲಕ ಸೊಲೆನಾಯ್ಡಿಗೆ ವಿದ್ಯುತ್ ಕೊಡುತ್ತವೆ. ಕೇಬಲ್ ಎಳೆದು ಅಥವಾ ಕಾಲಿನಿಂದ ಒತ್ತಿ ನೇರವಾಗಿ ದಪ್ಪ ಸ್ವಿಚ್ಚನ್ನು ಕೂಡಿಸುವ ಹಳೆಯ ಗಾಡಿಗಳಿಗೆ ಮೊದಲು ಸೊಲೆನಾಯ್ಡೊಂದನ್ನು ಸೇರಿಸಬೇಕಾಗುತ್ತದೆ. 6 ವೋಲ್ಟಿನ ಗಾಡಿಗಳಿಗೆ 6 ವೋಲ್ಟಿನ ರಿಲೇಯೇ ಬೇಕು.

ಕ್ಲಚ್ ಸ್ವಿಚ್ಚನ್ನು ರಿಲೇ ಮತ್ತು ಚಾಸಿಯ ನಡುವೆ, ಅಂದರೆ ಅರ್ತಿನ ಕಡೆ, ಹಾಕುವುದು ಸುಲಭವೆನಿಸುತ್ತದೆ. ಆದರೆ ಆ ವಯರಿನ ಹೊದಿಕೆ ಸವೆದು ಚಾಸಿಗೆ ತಾಗಿದರೆ ಕ್ಲಚ್ ಸದಾ ಒತ್ತಿದೆ ಎಂದೇ ರಿಲೇ ತಿಳಿಯುತ್ತದೆ. ಕಾವಲು ಸದ್ದಿಲ್ಲದೆ ಸತ್ತಿರುತ್ತದೆ, ಮಾಲೀಕರಿಗೆ ಗೊತ್ತೇ ಆಗುವುದಿಲ್ಲ. ಅದರ ಬದಲು ಕೀಲಿ ಮತ್ತು ರಿಲೇಯ ನಡುವೆ, ಫ್ಯೂಸಿನ ನಂತರ ಹಾಕಿದರೆ, ವಯರು ಚಾಸಿಗೆ ತಾಗಿದಾಗ ಫ್ಯೂಸ್ ಹಾರಿ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಕಾವಲು ಕೆಟ್ಟಾಗ ಗಾಡಿ ನಿಲ್ಲಬೇಕೇ ಹೊರತು ಹೊರಡಬಾರದು. ಎಲ್ಲ ಸುರಕ್ಷಾ ಸಾಧನಗಳಿಗೂ ಒಪ್ಪುವ ನಿಯಮವಿದು. ಬ್ರಿಟಿಷ್ ಮೂಲದ ಕೆಲವು ಹಳೆಯ ಕಾರುಗಳಲ್ಲಿ ಬ್ಯಾಟರಿಯ ಧನಧ್ರುವ ಚಾಸಿಗೆ ಸೇರಿರುತ್ತದೆ. ಅಲ್ಲಿಯೂ ತತ್ತ್ವ ಇದೇ.

ಇನ್ನೊಂದು ಸೂಕ್ಷ್ಮ. ಸಾಮಾನ್ಯ ಬ್ರೇಕ್ ಲೈಟಿನ ಸ್ವಿಚ್ಚು ಪೆಡಲು ತುಸು ಅಲುಗಿದೊಡನೆ ಕೂಡುತ್ತದೆ. ಕ್ಲಚ್ ಬಿಡಿಸಿಕೊಳ್ಳುವುದು ಪೆಡಲು ಹೆಚ್ಚುಕಡಿಮೆ ತಳ ಮುಟ್ಟಿದಾಗ. ಆದ್ದರಿಂದ ಸ್ವಿಚ್ಚು ಪೆಡಲಿನ ಓಟದ ಕೊನೆಯಲ್ಲಿ ಕೂಡುವಂತಿರಬೇಕು. ಕೆಲಸ ಮುಗಿದ ಮೇಲೆ ಗಾಲಿಗಳಿಗೆ ಕಲ್ಲು ಕೊಟ್ಟು, ಗಿಯರ್ ನ್ಯೂಟ್ರಲಿನಲ್ಲಿಟ್ಟು, ಕಿಡಿಯ ಕಾಯಿಲಿನ ವಯರು ಕಳಚಿ, ಕ್ಲಚ್ ಒತ್ತದೆ ಕೀಲಿ ತಿರುಗಿಸಿ ನೋಡಬೇಕು. ಎಂಜಿನ್ ಅಲುಗಬಾರದು. ಕ್ಲಚ್ ಅರ್ಧ ಒತ್ತಿದಾಗಲೂ ಅಲುಗಬಾರದು. ಪೂರ್ತಿ ಒತ್ತಿದಾಗ ಮಾತ್ರ ತಿರುಗಬೇಕು.

ಕಾವಲಿನ ಮಿತಿ

ಕ್ಲಚ್ ಸ್ವಿಚ್ಚು ಪೆಡಲನ್ನು ನೋಡುತ್ತದೆ, ಕ್ಲಚ್ಚನ್ನು ನೋಡುವುದಿಲ್ಲ. ಮಳೆಗಾಲವಿಡೀ ನಿಂತ ಗಾಡಿಯಲ್ಲಿ ಕ್ಲಚ್ ಪ್ಲೇಟು ತುಕ್ಕಿನಿಂದ ಫ್ಲೈವೀಲಿಗೆ ಅಂಟಿಕೊಳ್ಳುವುದುಂಟು. ಆಗ ಪೆಡಲು ತಳ ಮುಟ್ಟಿದರೂ ನಂಟು ಕಡಿಯದು, ಕಾರು ಜಿಗಿಯುತ್ತದೆ. ಹ್ಯಾಂಡಲ್ ಹೊಡೆದಾಗಲೂ ಈ ಸ್ವಿಚ್ಚಿಗೆ ಕೆಲಸವಿಲ್ಲ. ಬಾನೆಟ್ ತೆರೆದು ಸೊಲೆನಾಯ್ಡಿನ ಎರಡು ತುದಿಗಳನ್ನು ಸ್ಕ್ರೂಡ್ರೈವರಿನಿಂದ ಮುಟ್ಟಿಸಿ ಸ್ಟಾರ್ಟ್ ಮಾಡುವ ಅಭ್ಯಾಸವಂತೂ ಎಲ್ಲ ಕಾವಲನ್ನೂ ಹಾರಿಹೋಗುತ್ತದೆ. ಟ್ರ್ಯಾಕ್ಟರುಗಳಲ್ಲಿ ನೆಲದ ಮೇಲೆ ನಿಂತು ಹೀಗೆ ಮಾಡಿದವರು ಹಿಂಗಾಲಿಗೆ ಸಿಕ್ಕಿ ಸತ್ತದ್ದುಂಟು. ಆದ್ದರಿಂದ ಸ್ವಿಚ್ಚು ಇದ್ದರೂ ಆಸನದಲ್ಲಿ ಕುಳಿತು, ಗಿಯರ್ ಸನ್ನೆ ಅಲ್ಲಾಡಿಸಿ ನ್ಯೂಟ್ರಲ್ ಖಚಿತಪಡಿಸಿಕೊಂಡೇ ಕೀಲಿ ತಿರುಗಿಸಬೇಕು.

ಸ್ವಿಚ್ಚಿನ ವಿರುದ್ಧ ಹಳೆಯ ಚಾಲಕರದೊಂದು ವಾದವಿದೆ. ಗೇಟಿನ ಬಳಿ ಹಳಿಯ ಮೇಲೆ, ಇಲ್ಲವೇ ತೋಡಿನ ನೀರಿನ ನಡುವೆ ಎಂಜಿನ್ ನಿಂತರೆ, ಮೊದಲ ಗಿಯರ್ ಹಾಕಿ ಸೆಲ್ಫ್ ಹೊಡೆಯುತ್ತ ಗಾಡಿಯನ್ನು ಆಚೆ ದಾಟಿಸಬಹುದಿತ್ತು. ಕಾವಲು ಆ ದಾರಿಯನ್ನು ಮುಚ್ಚುತ್ತದೆ. ವಾದ ಸುಳ್ಳಲ್ಲ. ಅದಕ್ಕಾಗಿಯೇ ಟೊಯೋಟಾದ ಟಕೋಮಾದಂಥ ವಾಹನಗಳಲ್ಲಿ ಕ್ಲಚ್ ಕಾವಲನ್ನು ತಾತ್ಕಾಲಿಕವಾಗಿ ರದ್ದುಮಾಡುವ ಗುಂಡಿಯೊಂದನ್ನು ಚಾಲಕನ ಮುಂದೆಯೇ ಇಟ್ಟಿದ್ದಾರೆ. ಆದರೆ ಹಳಿಯ ಮೇಲೆ ನಿಲ್ಲುವುದು ಅಪರೂಪ, ಅಂಗಳದಲ್ಲಿ ಸ್ಟಾರ್ಟ್ ಮಾಡುವುದು ವಾರವಾರದ ಕೆಲಸ. ಎರಡನ್ನು ತೂಗಿದರೆ ತಕ್ಕಡಿ ಯಾವ ಕಡೆ ವಾಲುತ್ತದೆ ಎಂಬುದು ಸ್ಪಷ್ಟ.

ಹಳೆಯ ಕಾರಿನ ಮೂಲಸ್ವರೂಪ ಕೆಡುತ್ತದಲ್ಲ ಎಂಬ ಅಳುಕು ಕೆಲವರಿಗಿದೆ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ ಖಾಸಗಿ ವಾಹನಗಳನ್ನು ವಿಂಟೇಜ್ ಎಂದು ಗುರುತಿಸುತ್ತದೆ. ಚಾಸಿ, ಮೈಕಟ್ಟು, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದೆಂಬುದು ಅದರ ಷರತ್ತು. ಇರುವ ಬೋಲ್ಟಿಗೇ ಪಟ್ಟಿ ಕಟ್ಟಿ ಕೂರಿಸಿದ ಸ್ವಿಚ್ಚು, ಡ್ಯಾಶ್‌ಬೋರ್ಡಿನ ಹಿಂದೆ ಅಡಗಿದ ರಿಲೇ ಇವನ್ನು ಯಾವಾಗ ಬೇಕಾದರೂ ಗುರುತು ಉಳಿಯದಂತೆ ಕಳಚಬಹುದು. ಧರ್ಮಸ್ಥಳದ ಸಂಗ್ರಹದಲ್ಲಿ ಅಥವಾ ಶ್ರೀರಂಗಪಟ್ಟಣದ ಬಳಿಯ ‘ಪಯಣ’ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕಾರುಗಳನ್ನು ನೋಡುವಾಗ ಮೆರುಗು, ದೀಪಗಳ ಜೊತೆಗೆ ಹ್ಯಾಂಡಲ್ ತೂರಿಸುವ ತೂತನ್ನೂ ಪೆಡಲುಗಳನ್ನೂ ಬಗ್ಗಿ ನೋಡುವುದು ಒಳ್ಳೆಯದು. ಎಂಜಿನ್ ಎಬ್ಬಿಸುವ ಕೆಲಸ ಎದುರಿನಿಂದ ಕಾಲಡಿಗೆ, ಕಾಲಡಿಯಿಂದ ಬೆರಳ ತುದಿಗೆ ಸರಿದ ದಾರಿ ಅಲ್ಲಿ ಕಾಣುತ್ತದೆ.

1912ರಲ್ಲಿ ಕ್ಲಚ್ ಪೆಡಲಿನಲ್ಲೇ ಇದ್ದ ಕಾವಲನ್ನು ಅನುಕೂಲಕ್ಕಾಗಿ ಬಿಟ್ಟೆವು. ಅದನ್ನು ಹಳೆಯ ಕಾರಿಗೆ ಮರಳಿ ಕೊಡಲು ಬೇಕಾದದ್ದು ಒಂದು ಸ್ವಿಚ್ಚು, ಒಂದು ರಿಲೇ, ಒಂದು ಫ್ಯೂಸು, ನಾಲ್ಕಾರು ಮೀಟರ್ ವಯರು ಮತ್ತು ಬಲ್ಲ ಮೆಕ್ಯಾನಿಕ್ಕನ ಅರ್ಧ ದಿನ.